ರಬ್ಬರ್ ಹೊಗೆಮನೆ: ನಾಲ್ಕು ದಿನ ಬೆಂಕಿ ಒಂದೇ ಹದದಲ್ಲಿ ಇರಬೇಕಾದರೆ

ಕಾಸರಗೋಡಿನ ಪೂರ್ವಭಾಗದ ದೇಲಂಪಾಡಿ, ಬಂದಡ್ಕ, ಎಣ್ಮಕಜೆ, ಬೆಳ್ಳೂರು ಕಡೆಗಳಲ್ಲೂ ಗಡಿಯಾಚೆಯ ಸುಳ್ಯ, ಪುತ್ತೂರು ತಾಲೂಕುಗಳಲ್ಲೂ ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡದಲ್ಲಿ ರಬ್ಬರ್ ಎಂಬುದು ಈಗ ಸಾಮಾನ್ಯ ನೋಟ. ಮುಂಜಾನೆ ಟ್ಯಾಪಿಂಗ್ ಮಾಡುವುದು, ಹಾಲು ಸೇರಿಸುವುದು, ಆಸಿಡ್ ಹಾಕಿ ಗಟ್ಟಿ ಮಾಡುವುದು, ಮೆಷಿನಿನಲ್ಲಿ ಶೀಟು ಒತ್ತುವುದು ಇಷ್ಟೆಲ್ಲ ಕೆಲಸಗಳಲ್ಲಿ ನಮ್ಮ ಬೆಳೆಗಾರರು ಪಳಗಿದ್ದಾರೆ. ಆದರೆ ಇಷ್ಟು ಶ್ರಮದ ಬೆಲೆ ತೀರ್ಮಾನವಾಗುವುದು ಕೊನೆಯ ಹಂತವಾದ ಹೊಗೆಮನೆಯಲ್ಲಿ. ಒಳ್ಳೆಯ ಹಾಲಿನಿಂದ ಮಾಡಿದ ಒಳ್ಳೆಯ ಶೀಟು ಒಂದೇ ರಾತ್ರಿಯ ತಪ್ಪು ಬೆಂಕಿಯಿಂದ ಕೆಳದರ್ಜೆಗೆ ಇಳಿಯಬಹುದು.

ಹೊಗೆಮನೆಯ ಬಗ್ಗೆ ಮಾಹಿತಿ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬೇಕಾದಷ್ಟಿದೆ. ಮಲಯಾಳ ಮಾತಾಡಲು ಬಂದರೂ ಓದಲು ಬಾರದ ಹಿರಿಯರು ನಮ್ಮ ಕಡೆ ಅನೇಕರಿದ್ದಾರೆ. ಅವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು, ಹೊಗೆಮನೆಯ ಬೆಂಕಿಯನ್ನು ನಾಲ್ಕು ದಿನ ಏರುಪೇರಿಲ್ಲದೆ ನಡೆಸುವ ಕ್ರಮವನ್ನು ಇಲ್ಲಿ ಒಟ್ಟಾಗಿ ಕೊಡಲಾಗಿದೆ.

ಸ್ವಲ್ಪ ಹಿನ್ನೆಲೆ

ರಬ್ಬರ್ ಮರ ಮೂಲತಃ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ್ದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲರು ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕೊಂಡೊಯ್ದ ಬೀಜಗಳ ಸಂತತಿಯೇ ಏಷ್ಯಾದ ರಬ್ಬರ್ ತೋಟಗಳಿಗೆ ಆಧಾರವಾಯಿತು. ಭಾರತದಲ್ಲಿ ವಾಣಿಜ್ಯ ಮಟ್ಟದ ಮೊದಲ ತೋಟ 1902ರಲ್ಲಿ ಕೇರಳದ ಪೆರಿಯಾರ್ ನದಿ ದಂಡೆಯ ತಟ್ಟೇಕಾಡಿನಲ್ಲಿ ಆರಂಭವಾಯಿತು. 1947ರ ಕಾಯ್ದೆಯಂತೆ ರಬ್ಬರ್ ಮಂಡಳಿ ಅಸ್ತಿತ್ವಕ್ಕೆ ಬಂತು. ಅದರ ಕೇಂದ್ರ ಕಚೇರಿ ಕೋಟ್ಟಯಂನಲ್ಲಿದೆ. ಮಂಡಳಿಯ ಅಧೀನದ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆ 1955ರಿಂದ ಕೆಲಸ ಮಾಡುತ್ತಿದೆ.

ನಮ್ಮ ಭಾಗಕ್ಕೆ ರಬ್ಬರ್ ಬಂದದ್ದು ಎರಡು ದಾರಿಯಲ್ಲಿ. ತಿರುವಾಂಕೂರು ಕಡೆಯಿಂದ ಮಲಬಾರಿಗೆ ವಲಸೆ ಬಂದ ಕೃಷಿಕರು ಗುಡ್ಡ ಪ್ರದೇಶಗಳಲ್ಲಿ ಇದನ್ನು ಬೆಳೆಸಿದರು. ಗಡಿಯಾಚೆ ಸುಳ್ಯ, ಪುತ್ತೂರು ಕಡೆ 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳರ ಪುನರ್ವಸತಿಗಾಗಿ ಸರಕಾರದ ವತಿಯಿಂದ ದೊಡ್ಡ ತೋಟಗಳಾದವು. ಇವು ಮುಂದೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿ ಬೆಳೆದವು. ಇವೆರಡನ್ನೂ ನೋಡಿ ಅಡಿಕೆ ಕೃಷಿಕರೂ ಗುಡ್ಡದ ಜಾಗಕ್ಕೆ ರಬ್ಬರ್ ಇಟ್ಟರು.

ದರದ ಏರಿಳಿತ ಎಲ್ಲರಿಗೂ ಗೊತ್ತು. ಆರ್.ಎಸ್.ಎಸ್. 4 ದರ್ಜೆಗೆ 2011ರಲ್ಲಿ ಕಿಲೋಗೆ 240 ರೂಪಾಯಿ ಮುಟ್ಟಿದ್ದ ದರ 2016ರ ಆರಂಭದಲ್ಲಿ 100 ರೂಪಾಯಿಗಿಂತ ಕೆಳಗಿಳಿಯಿತು. 2024ರ ಆಗಸ್ಟ್‌ನಲ್ಲಿ ಮತ್ತೆ 240 ದಾಟಿತು. ದರ ನಮ್ಮ ಕೈಯಲ್ಲಿಲ್ಲ. ದರ್ಜೆ ಮಾತ್ರ ನಮ್ಮ ಕೈಯಲ್ಲಿದೆ.

ಶೀಟಿಗೆ ಹೊಗೆ ಏಕೆ?

ಆರ್.ಎಸ್.ಎಸ್. ಎಂದರೆ ಗೆರೆ ಮೂಡಿಸಿ ಹೊಗೆ ಹಾಕಿದ ಶೀಟು. ಹೊಗೆಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಬಿಸಿಯಿಂದ ಶೀಟಿನ ಒಳಗಿನ ನೀರು ಹೊರಬರುವುದು. ಎರಡು, ಹೊಗೆಯಲ್ಲಿರುವ ಫಿನಾಲ್ ಮೊದಲಾದ ರಾಸಾಯನಿಕಗಳು ಶೀಟಿನ ಮೇಲೆ ಕೂತು ಬೂಸ್ಟು ಬಾರದಂತೆ ತಡೆಯುವುದು. ಬರೇ ಬಿಸಿಲಿನಲ್ಲಿ ಒಣಗಿಸಿದ ಶೀಟಿಗೆ ಈ ಎರಡನೆಯ ರಕ್ಷಣೆ ಇಲ್ಲ. ಜತೆಗೆ ಹೆಚ್ಚು ಹೊತ್ತು ನೇರ ಬಿಸಿಲಿಗೆ ಬಿದ್ದರೆ ಶೀಟು ಅಂಟಂಟಾಗುತ್ತದೆ. ಸೌದೆ ಉಳಿಸಲು ಬಿಸಿಲಲ್ಲೇ ಹಾಕುವವರು ಇದನ್ನು ನೆನಪಿಡಬೇಕು. ಒತ್ತಿದ ಶೀಟನ್ನು ನೆರಳಿನಲ್ಲಿ ಎರಡು ಮೂರು ಗಂಟೆ ನೀರು ಬಸಿಯಲು ತೂಗುಹಾಕಿ, ಬಳಿಕ ಹೊಗೆಮನೆಗೆ ಸೇರಿಸುವುದು ಸರಿಯಾದ ಕ್ರಮ.

ಶೀಟಿನ ದಪ್ಪ ಸುಮಾರು 3 ಮಿಲಿಮೀಟರ್ ಇರಬೇಕು. ದಪ್ಪ ಹೆಚ್ಚಾದರೆ ಎಷ್ಟು ಸೌದೆ ಸುಟ್ಟರೂ ನಡುಭಾಗ ಬೆಳ್ಳಗೆ ಉಳಿಯುತ್ತದೆ. ಒಂದು ಬದಿ ದಪ್ಪ, ಒಂದು ಬದಿ ತೆಳು ಇದ್ದರೆ ಒಂದೇ ಶೀಟಿನಲ್ಲಿ ಒಂದು ಬದಿ ಕರಿದು, ಇನ್ನೊಂದು ಬದಿ ಹಸಿ. ಆದ್ದರಿಂದ ಬೆಂಕಿಯನ್ನು ದೂರುವ ಮೊದಲು ಮೆಷಿನಿನ ರೋಲರ್ ಅಂತರ ಸರಿಯಿದೆಯೇ ಎಂದು ನೋಡುವುದು ಒಳ್ಳೆಯದು.

ನಾಲ್ಕು ದಿನಗಳ ಬಿಸಿ

ಹೊಗೆಮನೆಯ ಒಳಗಿನ ಬಿಸಿ 40ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಸಾಮಾನ್ಯ ದಪ್ಪದ ಶೀಟು ಒಣಗಲು ಸುಮಾರು ನಾಲ್ಕು ದಿನ ಬೇಕು. ಬಿಸಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು:

ಮೊದಲ ದಿನ: 40ರಿಂದ 45 ಡಿಗ್ರಿ. ಮೇಲಿನ ಗಾಳಿಕಿಂಡಿ ಪೂರ್ತಿ ತೆರೆದಿರಲಿ.
ಎರಡನೇ ದಿನ: 45ರಿಂದ 50 ಡಿಗ್ರಿ. ಕಿಂಡಿ ಅರ್ಧ.
ಮೂರನೇ ದಿನ: 50ರಿಂದ 55 ಡಿಗ್ರಿ. ಕಿಂಡಿ ಕಾಲು ಭಾಗ.
ನಾಲ್ಕನೇ ದಿನ: 55ರಿಂದ 60 ಡಿಗ್ರಿ. ಕಿಂಡಿ ಹೆಚ್ಚುಕಡಿಮೆ ಮುಚ್ಚಿರಲಿ.

ಇದಕ್ಕೆ ಕಾರಣ ಸರಳ. ಮೊದಲ ದಿನ ಶೀಟಿನಲ್ಲಿ ನೀರು ಹೆಚ್ಚು, ಶೀಟು ಮೆತ್ತಗೆ. ಆಗ ಬಿಸಿ ಒಮ್ಮೆಲೇ ಏರಿದರೆ ಮೇಲ್ಮೈ ಬೇಗ ಒಣಗಿ ಬಿಗಿಯುತ್ತದೆ, ಒಳಗಿನ ಗಾಳಿ ಮತ್ತು ಆವಿ ಹೊರಬರಲಾಗದೆ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಎದ್ದ ಶೀಟನ್ನು ಮತ್ತೆ ಸರಿಮಾಡುವ ಉಪಾಯ ಇಲ್ಲ. ಕೊನೆಯ ದಿನಗಳಲ್ಲಿ ಉಳಿಯುವುದು ನಡುವಿನ ಸ್ವಲ್ಪ ನೀರು. ಅದು ಹೊರಗೆ ಬರಲು ಹೆಚ್ಚು ಬಿಸಿ ಬೇಕು. 60 ಡಿಗ್ರಿ ದಾಟಿದರೆ ಮಾತ್ರ ಯಾವ ದಿನವೂ ಅಪಾಯವೇ.

ಒಂದು ಥರ್ಮಾಮೀಟರ್ ಇಲ್ಲದೆ ಇದನ್ನೆಲ್ಲ ಮಾಡುವುದು ಕಷ್ಟ. ಅದನ್ನು ಬಾಗಿಲ ಬಳಿ ನೇತು ಹಾಕುವುದರಿಂದ ಪ್ರಯೋಜನವಿಲ್ಲ. ಶೀಟುಗಳ ನಡುವೆ, ಮಧ್ಯದ ಎತ್ತರದಲ್ಲಿ ಇರಬೇಕು. ಒಳಗೆ ಹೋಗದೆ ಓದಲು ಅನುಕೂಲವಾಗುವಂತೆ ಗೋಡೆಯಲ್ಲಿ ಸಣ್ಣ ಗಾಜಿನ ಕಿಂಡಿ ಇಟ್ಟವರೂ ಇದ್ದಾರೆ.

ಬೆಂಕಿ ಏಕೆ ಏರಿಳಿಯುತ್ತದೆ?

ಹೊಗೆಮನೆಯ ಬೆಂಕಿಯ ತೊಂದರೆಗಳೆಲ್ಲ ಕೊನೆಗೆ ಒಂದೇ ಮಾತಿಗೆ ಬರುತ್ತವೆ. ಇಂಧನ ಒಲೆಗೆ ಸಮವಾಗಿ ಹೋಗುವುದಿಲ್ಲ. ಇದಕ್ಕೆ ಮುಖ್ಯ ಕಾರಣಗಳು ಐದು.

1. ಒಮ್ಮೆಲೇ ತುಂಬುವುದು. ಸಾಧಾರಣವಾಗಿ ಒಂದು ಕಿಲೋ ಒಣ ರಬ್ಬರಿಗೆ ಸುಮಾರು ಒಂದು ಕಿಲೋ ಸೌದೆ ಬೇಕು ಎಂಬುದು ಲೆಕ್ಕ. ಸಣ್ಣ ಹೊಗೆಮನೆಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚಾಗಬಹುದು. 100 ಕಿಲೋ ಶೀಟಿಗೆ 100 ಕಿಲೋ ಸೌದೆ ಎಂದಿಟ್ಟುಕೊಳ್ಳೋಣ. ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 25 ಕಿಲೋ. ಅಂದರೆ ಗಂಟೆಗೆ ಒಂದು ಕಿಲೋಗಿಂತ ಒಂದಿಷ್ಟು ಹೆಚ್ಚು, ಒಂದು ಕೈಗಾತ್ರದ ತುಂಡು ಅಷ್ಟೆ. ನಾವು ಮಾಡುವುದೇನು? ಸಂಜೆ ಊಟದ ಮೊದಲು ಹತ್ತು ಹನ್ನೆರಡು ಕಿಲೋ ಒಟ್ಟಿಗೆ ತುರುಕಿ ಮಲಗುತ್ತೇವೆ. ಹತ್ತು ಗಂಟೆಗೆ ಒಳಗೆ 70 ಡಿಗ್ರಿ, ಬೆಳಗಿನ ಜಾವ ನಾಲ್ಕಕ್ಕೆ ಹೊರಗಿನ ಚಳಿಯಷ್ಟೇ. ಸರಾಸರಿ ಸರಿಯಿರಬಹುದು, ಶೀಟಿಗೆ ಸರಾಸರಿ ಗೊತ್ತಾಗುವುದಿಲ್ಲ.

2. ಹಸಿ ಸೌದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋ ಕ್ಯಾಲರಿ ಶಾಖ ಬೇಕು. ಹಸಿ ಕೊಳ್ಳಿ ಮೊದಲು ತನ್ನ ನೀರನ್ನು ಒಣಗಿಸಿಕೊಳ್ಳಲು ಒಲೆಯ ಬಿಸಿಯನ್ನೇ ತಿನ್ನುತ್ತದೆ. ಅಷ್ಟು ಹೊತ್ತು ಬಿಸಿ ಬೀಳುತ್ತದೆ. ನೀರು ಮುಗಿದೊಡನೆ ಒಮ್ಮೆಲೇ ಉರಿ ಎದ್ದು ಬಿಸಿ ಏರುತ್ತದೆ. ಮೇಲಾಗಿ ಹಸಿ ಸೌದೆಯ ಹೊಗೆ ನೀರಾವಿಯಿಂದ ಕೂಡಿದ್ದು, ಶೀಟನ್ನು ಒಣಗಿಸುವ ಬದಲು ಒದ್ದೆ ಮಾಡುತ್ತದೆ, ಡಾಂಬರಿನಂಥ ಕಪ್ಪು ಕಲೆ ಕೂರಿಸುತ್ತದೆ.

3. ಬೇರೆ ಬೇರೆ ಗಾತ್ರದ ಇಂಧನ. ಒಣ ಮಡಲು, ತೆಂಗಿನ ಗೆರಟೆ, ಅಡಿಕೆ ಸಿಪ್ಪೆ ಇವೆಲ್ಲ ಕ್ಷಣದಲ್ಲಿ ಉರಿದು ಮುಗಿಯುವಂಥವು. ದಪ್ಪ ರಬ್ಬರ್ ಕೊಳ್ಳಿ ಗಂಟೆಗಟ್ಟಲೆ ನಿಲ್ಲುವಂಥದ್ದು. ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಹಾಕಿದರೆ ಬಿಸಿಯೂ ಸಿಕ್ಕಿದ ಹಾಗೆ ಇರುತ್ತದೆ.

4. ಬೂದಿ. ಎರಡು ದಿನದ ಬೂದಿ ತೆಗೆಯದಿದ್ದರೆ ಕೆಳಗಿನಿಂದ ಗಾಳಿ ಹೋಗುವುದಿಲ್ಲ. ಕೆಂಡ ಮುಚ್ಚಿಹೋಗಿ ಬೆಂಕಿ ಸಾಯುತ್ತದೆ. ನಾವು ಸೌದೆ ಸಾಲದೆಂದು ಇನ್ನಷ್ಟು ತುರುಕುತ್ತೇವೆ. ಬಳಿಕ ಯಾರೋ ಬೂದಿ ಕೆದಕಿದಾಗ ಒಲೆಯಲ್ಲಿದ್ದದ್ದೆಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತದೆ.

5. ಗಾಳಿ. ಒಲೆಯ ಬಾಯಿ ಗಾಳಿ ಬೀಸುವ ದಿಕ್ಕಿಗೆ ಇದ್ದರೆ ಮಧ್ಯಾಹ್ನ ಒಂದು ಬೆಂಕಿ, ರಾತ್ರಿ ಇನ್ನೊಂದು ಬೆಂಕಿ. ಒಲೆಯ ಬಾಯಿಗೆ ತಗಡಿನ ಒಂದು ಮುಚ್ಚಳ ಇದ್ದರೆ ಅರ್ಧ ಸಮಸ್ಯೆ ಪರಿಹಾರ.

ಸಮವಾಗಿ ಉಣಿಸುವ ಕ್ರಮ

ಅಕ್ಕಿ ಬೇಯಿಸುವಾಗ ಒಲೆಯ ಮುಂದೆ ಕೂರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಗೆಮನೆಯಲ್ಲಿ ನಾಲ್ಕು ದಿನ ಕೂರಲಾಗದು ಎಂಬುದೇ ಕಷ್ಟ. ಆದ್ದರಿಂದ ಕೆಲಸವನ್ನು ಮೊದಲೇ ಸಿದ್ಧಪಡಿಸಿಡಬೇಕು.

ಸೌದೆಯನ್ನು ಕನಿಷ್ಠ ಎರಡು ಮೂರು ತಿಂಗಳು ಮಳೆ ಬೀಳದ ಕಡೆ, ನೆಲಕ್ಕೆ ತಾಗದಂತೆ ಒಟ್ಟಿ ಒಣಗಿಸಿರಬೇಕು. ಹೊಗೆಮನೆಯ ಹೊರಗೋಡೆಗೆ ತಾಗಿದಂತೆ ಮಾಡಿದರೆ ಅದರ ಬಿಸಿಗೆ ಇನ್ನಷ್ಟು ಒಣಗುತ್ತದೆ. ಆದರೆ ಒಲೆಯ ಬಾಯಿಯಿಂದ ದೂರವಿರಲಿ. ಕೊಳ್ಳಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ ದಪ್ಪ, ಮಧ್ಯಮ, ಸಣ್ಣ ಎಂದು ಮೂರು ರಾಶಿ ಮಾಡಿ. ಒಂದು ದಿನಕ್ಕೆ ಬೇಕಾದ್ದನ್ನು ಬೆಳಗ್ಗೆಯೇ ತೂಗಿ ಅಥವಾ ಅಂದಾಜಿಸಿ ಬೇರೆ ಇಡಿ. ಆ ರಾಶಿ ಸಂಜೆಗೇ ಮುಗಿದರೆ ಬೆಂಕಿ ಹೆಚ್ಚಾಗಿದೆ ಎಂದೂ, ಮರುದಿನಕ್ಕೆ ಉಳಿದರೆ ಕಡಿಮೆಯಾಗಿದೆ ಎಂದೂ ತಿಳಿಯುತ್ತದೆ.

ಹಗಲು ಹೊತ್ತು ಎರಡು ಗಂಟೆಗೊಮ್ಮೆ ಎರಡು ಮಧ್ಯಮ ತುಂಡು ಸಾಕು. ಹೊಸ ತುಂಡನ್ನು ಕೆಂಡದ ನೇರ ಮೇಲೆ ಹಾಕದೆ ಬದಿಗಿಟ್ಟು, ಹಳೆಯದು ಮುಗಿಯುತ್ತ ಬಂದಾಗ ಒಳಗೆ ತಳ್ಳುವುದು ಉತ್ತಮ. ಗೆರಟೆ ಮತ್ತು ಒಣ ಸಿಪ್ಪೆಯನ್ನು ಬೆಂಕಿ ಎಬ್ಬಿಸಲು ಮಾತ್ರ ಬಳಸಿ. ಒಣ ತೆಂಗಿನ ಸಿಪ್ಪೆಯನ್ನು ಒತ್ತೊತ್ತಾಗಿ ಜೋಡಿಸಿದರೆ ಉರಿಯದೆ ಕನಲುತ್ತ ಒಳ್ಳೆಯ ಹೊಗೆ ಕೊಡುತ್ತದೆ. ಮೊದಲ ದಿನದ ಕಡಿಮೆ ಬಿಸಿ, ಹೆಚ್ಚು ಹೊಗೆಗೆ ಇದು ಅನುಕೂಲ.

ರಾತ್ರಿಗೆ ಎರಡು ದಪ್ಪ ಕೊಳ್ಳಿಗಳನ್ನು ತುದಿಗೆ ತುದಿ ತಾಗಿಸಿ ಕೆಂಡದ ಮೇಲೆ ಇಟ್ಟು, ಬದಿಗಳಿಗೆ ಸ್ವಲ್ಪ ಬೂದಿ ಹರಡಿ, ಒಲೆಯ ಮುಚ್ಚಳವನ್ನು ಎರಡು ಬೆರಳಿನಷ್ಟು ಮಾತ್ರ ತೆರೆದಿಡಬೇಕು. ದಪ್ಪ ಕೊಳ್ಳಿ ತುದಿಯಿಂದ ಮಾತ್ರ ಉರಿಯುವುದರಿಂದ ತನ್ನಷ್ಟಕ್ಕೆ ನಿಧಾನ. ಮಲಗುವ ಮೊದಲು ಒಮ್ಮೆ, ಟ್ಯಾಪಿಂಗಿಗೆ ಏಳುವಾಗ ಒಮ್ಮೆ ಥರ್ಮಾಮೀಟರ್ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಹತ್ತು ಹದಿನೈದು ದಿನಗಳಲ್ಲಿ ನಿಮ್ಮ ಒಲೆಯ ಗುಣ ನಿಮಗೇ ತಿಳಿದುಬಿಡುತ್ತದೆ.

ಈ ಲೇಖಕನಿಗೆ ಇದು ತಿಳಿದದ್ದು ನಷ್ಟ ಮಾಡಿಕೊಂಡ ಮೇಲೆ. ಒಂದು ಡಿಸೆಂಬರಿನಲ್ಲಿ, ಮನೆಯಲ್ಲಿ ನೆಂಟರ ಗಡಿಬಿಡಿ ಇದ್ದ ದಿನ, ಮೊದಲ ದಿನದ ಶೀಟು ಇದ್ದ ಹೊಗೆಮನೆಗೆ ರಾತ್ರಿ ಪೂರ್ತಿ ಬೇಕಾಗುವಷ್ಟು ಒಣ ಸೌದೆಯನ್ನು ಒಟ್ಟಿಗೆ ತುಂಬಿ ಹೋಗಿದ್ದೆ. ಬೆಳಗ್ಗೆ ಬಾಗಿಲು ತೆರೆದಾಗ ಕೆಳಸಾಲಿನ ನಲವತ್ತರಷ್ಟು ಶೀಟುಗಳಲ್ಲಿ ಹಪ್ಪಳದ ಹಾಗೆ ಗುಳ್ಳೆ. ಪೇಟೆಯ ವ್ಯಾಪಾರಿ ಒಂದು ಶೀಟನ್ನು ಬೆಳಕಿಗೆ ಹಿಡಿದು ನೋಡಿ, "ಅಣ್ಣಾ, ಇದು ಲಾಟಿಗೇ ಹೋಗುವುದು, ಬೇರೆ ಎಂತ ಮಾಡಲಿಕ್ಕೂ ಇಲ್ಲ" ಎಂದರು. ಅವರ ತಪ್ಪೇನೂ ಇರಲಿಲ್ಲ. ಹಾಲು ಚೆನ್ನಾಗಿತ್ತು, ಟ್ಯಾಪರ್ ಚೆನ್ನಾಗಿ ಕೆಲಸ ಮಾಡಿದ್ದರು, ಕೆಟ್ಟದ್ದು ಒಂದು ರಾತ್ರಿಯ ಬೆಂಕಿ ಮಾತ್ರ.

ದಿನಾ ಹೊಸ ಶೀಟು ಸೇರಿಸುವವರಿಗೆ

ದೊಡ್ಡ ತೋಟಗಳ ಸುರಂಗ ಮಾದರಿ ಹೊಗೆಮನೆಗಳಲ್ಲಿ ಹಸಿ ಶೀಟಿನ ಟ್ರಾಲಿ ತಣ್ಣನೆಯ ತುದಿಯಿಂದ ಒಳಹೋಗಿ ದಿನದಿಂದ ದಿನಕ್ಕೆ ಬಿಸಿಯ ತುದಿಗೆ ಸಾಗುತ್ತದೆ. ನಮ್ಮಂಥ ಸಣ್ಣ ಬೆಳೆಗಾರರಲ್ಲಿ ಇರುವುದು ಒಂದೇ ಕೋಣೆ. ಇಂದಿನ ಶೀಟಿಗೆ 45 ಡಿಗ್ರಿ ಬೇಕು, ಮೂರು ದಿನ ಹಿಂದಿನದಕ್ಕೆ 55 ಬೇಕು. ಒಂದೇ ಬೆಂಕಿಯಿಂದ ಎರಡೂ ಆಗಬೇಕು.

ಇದಕ್ಕೆ ಉಪಾಯ ಜಾಗದ ಬದಲಾವಣೆ. ಬಿಸಿ ಬರುವ ಕೊಳವೆ ಅಥವಾ ಗುಂಡಿಯಿಂದ ದೂರದ ಸಾಲನ್ನು ಹೊಸ ಶೀಟಿಗೆ ಮೀಸಲಿಡಿ. ದಿನಾ ಒಂದೊಂದು ಸಾಲು ಬಿಸಿಯ ಕಡೆಗೆ ಸರಿಸುತ್ತ ಬನ್ನಿ. ಹಸಿ ಶೀಟನ್ನು ಒಣಗಿದ ಶೀಟಿನ ಮೇಲ್ಭಾಗದಲ್ಲಿ ಹಾಕಬೇಡಿ. ತೊಟ್ಟಿಕ್ಕುವ ನೀರು ಒಣ ಶೀಟಿಗೆ ಕಲೆ ಮಾಡುತ್ತದೆ. ನೀರು ಪೂರ್ತಿ ಬಸಿಯದ ಶೀಟು ಒಳಗೆ ಬಂದರೆ ಇಡೀ ಕೋಣೆಯ ಬಿಸಿ ಇಳಿದು, ಅದನ್ನು ಏರಿಸಲು ಹಾಕಿದ ಹೆಚ್ಚಿನ ಸೌದೆ ಬಳಿಕ ಅತಿಯಾಗುತ್ತದೆ. ಹೊಸ ಶೀಟು ಸೇರಿಸಿದ ಮೇಲೆ ಥರ್ಮಾಮೀಟರ್ ನಾಲ್ಕೈದು ಡಿಗ್ರಿ ಇಳಿದರೆ ಗಾಬರಿಯಾಗದೆ ಅರ್ಧ ಗಂಟೆ ಕಾಯಿರಿ.

ಶೀಟುಗಳನ್ನು ದಿನಕ್ಕೊಮ್ಮೆ ತಿರುಗಿಸಿ ಹಾಕಬೇಕು. ಇಲ್ಲದಿದ್ದರೆ ಬಿದಿರು ಅಥವಾ ಮರದ ರೀಪಿಗೆ ತಾಗಿದ ಗೆರೆ ಹಸಿಯಾಗಿಯೇ ಉಳಿದು ಕಲೆಯಾಗುತ್ತದೆ. ಒಂದಕ್ಕೊಂದು ತಾಗದಂತೆ ಹೊಗೆ ಸುಳಿದಾಡುವ ಅಂತರ ಬಿಡಿ.

ಮಳೆಗಾಲದಲ್ಲಿ

ಪ್ಲಾಸ್ಟಿಕ್ ಹೊದಿಕೆ ಕಟ್ಟಿ ಮಳೆಗಾಲದಲ್ಲೂ ಟ್ಯಾಪಿಂಗ್ ಮಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಗೆಮನೆಯೇ ದೊಡ್ಡ ಚಿಂತೆ. ಹೊರಗಿನ ಗಾಳಿಯಲ್ಲೇ ತೇವ ತುಂಬಿರುವುದರಿಂದ ಒಣಗಲು ಐದಾರು ದಿನವೂ ಹಿಡಿಯಬಹುದು. ಬೇಗ ಒಣಗಲಿ ಎಂದು ಬಿಸಿ ಏರಿಸುವ ಬದಲು ದಿನ ಹೆಚ್ಚಿಸುವುದೇ ಕ್ಷೇಮ. ಮೇಲಿನ ಕಿಂಡಿಯನ್ನು ಮಳೆ ಎಂದು ಪೂರ್ತಿ ಮುಚ್ಚಬೇಡಿ. ಆವಿ ಹೊರಹೋಗದಿದ್ದರೆ ಅದೇ ನೀರು ಮಾಡಿಗೆ ತಾಗಿ ಹನಿಯಾಗಿ ಶೀಟಿನ ಮೇಲೆ ಬೀಳುತ್ತದೆ. ಕಿಂಡಿಯ ಮೇಲೆ ಸಣ್ಣ ಇಳಿಜಾರು ತಗಡು ಹಾಕಿದರೆ ಮಳೆ ಒಳಬರುವುದಿಲ್ಲ.

ಶೀಟನ್ನು ಒತ್ತಿದ ಮೇಲೆ ಹೊಗೆಮನೆಗೆ ಹಾಕಲು ತಡವಾದರೆ ಅದರ ಮೇಲೆ ಉಳಿದ ಹಾಲಿನ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಒಣಗಿದ ನಂತರ ತುಕ್ಕಿನ ಬಣ್ಣದ ಪೊರೆ ಕಾಣುತ್ತದೆ. ಶೀಟನ್ನು ಚೆನ್ನಾಗಿ ತೊಳೆದು ಆದಷ್ಟು ಬೇಗ ಬಿಸಿಗೆ ಸೇರಿಸುವುದು ಇದಕ್ಕೆ ಪರಿಹಾರ.

ಪೆಲ್ಲೆಟ್ ಒಲೆ ಇಟ್ಟರೆ ಹೇಗೆ?

ಗರಗಸದ ಹುಡಿ, ಕೃಷಿ ತ್ಯಾಜ್ಯ ಇತ್ಯಾದಿಗಳನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳಿಗೆ ಪೆಲ್ಲೆಟ್ ಎನ್ನುತ್ತಾರೆ. ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್ ದಪ್ಪ, ತೇವ ನೂರಕ್ಕೆ 10ಕ್ಕಿಂತ ಕಡಿಮೆ. ಒಂದು ಪೆಟ್ಟಿಗೆಯಲ್ಲಿ ತುಂಬಿಟ್ಟರೆ ಮೋಟಾರಿನಿಂದ ತಿರುಗುವ ಸ್ಕ್ರೂ ಸ್ವಲ್ಪ ಸ್ವಲ್ಪವಾಗಿ ಒಲೆಗೆ ತಳ್ಳುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಅಮೆರಿಕದ ಒರೆಗಾನ್ ರಾಜ್ಯದ ಜೋ ಟ್ರೇಗರ್ 1980ರ ದಶಕದಲ್ಲಿ ಇದೇ ತತ್ವದಲ್ಲಿ ಮಾಂಸ ಬೇಯಿಸುವ ಒಲೆ ಮಾಡಿದರು. ಅಲ್ಲಿ ಹತ್ತು ಹನ್ನೆರಡು ಗಂಟೆ ಮಾಂಸಕ್ಕೆ ಹೊಗೆ ಕೊಡಲು ಇಂಥ ಒಲೆಗಳು ಬಳಕೆಯಲ್ಲಿವೆ. ನಮ್ಮಲ್ಲಿ ಡ್ರೈಯರ್‌ಗೆ ಪೆಲ್ಲೆಟ್ ಒಲೆ ಜೋಡಿಸುವ ಯೋಚನೆ ಇರುವವರಿಗೆ ಇದು ಆಕರ್ಷಕವಾಗಿ ಕಾಣಬಹುದು. ಸಮವಾಗಿ ಉಣಿಸುವ ಕೆಲಸವನ್ನು ಯಂತ್ರವೇ ಮಾಡುತ್ತದಲ್ಲ!

ಆದರೆ ಯಂತ್ರವೂ ತಪ್ಪುತ್ತದೆ. ಪೆಟ್ಟಿಗೆಯೊಳಗೆ ಗುಳಿಗೆಗಳು ಒಂದಕ್ಕೊಂದು ಹೆಣೆದು ಕಮಾನಿನಂತೆ ನಿಂತರೆ ಕೆಳಗೆ ಟೊಳ್ಳಾಗಿ ಸ್ಕ್ರೂ ಬರೀ ತಿರುಗುತ್ತದೆ, ಬೆಂಕಿ ಆರುತ್ತದೆ. ಪುಡಿ ಹೆಚ್ಚಿದ್ದರೆ ಸ್ಕ್ರೂ ಕಚ್ಚಿಕೊಳ್ಳುತ್ತದೆ. ತೇವ ತಾಗಿದ ಗುಳಿಗೆ ಉಬ್ಬಿ ಹುಡಿಯಾಗಿ ಕೊಳವೆಯನ್ನೇ ಕಟ್ಟಿಹಾಕುತ್ತದೆ. ನಮ್ಮ ಮಳೆಗಾಲಕ್ಕೆ ಇದೇ ಮುಖ್ಯ ಭಯ. ಆದ್ದರಿಂದ ತುಂಬುವ ಮೊದಲು ಜಾಲರಿಯಲ್ಲಿ ಗಾಳಿಸಿ ಪುಡಿ ತೆಗೆಯಬೇಕು, ಚೀಲವನ್ನು ನೆಲದ ಮೇಲಿಡದೆ ಬಾಯಿಕಟ್ಟಿ ಇಡಬೇಕು, ಪೆಟ್ಟಿಗೆ ಅರ್ಧಕ್ಕಿಂತ ಕೆಳಗಿಳಿಯಲು ಬಿಡದೆ ಆಗಾಗ ಕೋಲಿನಿಂದ ಕದಡಬೇಕು, ಉರಿಯುವ ಬಟ್ಟಲಿನ ಬೂದಿಯನ್ನು ದಿನಾ ತೆಗೆಯಬೇಕು. ಕೋಲು ಹಾಕುವಾಗ ಸ್ಕ್ರೂ ನಿಲ್ಲಿಸಿರಬೇಕು ಎಂಬುದನ್ನು ಮರೆಯಬಾರದು. ಬೆಂಕಿ ಆರಿಹೋದ ಮೇಲೆ ಬಟ್ಟಲಿನಲ್ಲಿ ತುಂಬಿಕೊಂಡಿರುವ ಗುಳಿಗೆಯನ್ನು ತೆಗೆಯದೆ ಮತ್ತೆ ಹಚ್ಚಿದರೆ ಒಮ್ಮೆಲೇ ಉರಿ ಎದ್ದೀತು. ಕರೆಂಟು ಹೋದರೆ ಎಲ್ಲವೂ ನಿಲ್ಲುತ್ತದೆ, ಬೆಂಕಿ ಕೊಳವೆಯ ಮೂಲಕ ಪೆಟ್ಟಿಗೆಯ ಕಡೆಗೆ ಹಿಂದಕ್ಕೆ ಹರಡುವ ಸಾಧ್ಯತೆಯೂ ಇದೆ. ನಮ್ಮ ಗುಡ್ಡಗಳಲ್ಲಿ ಕರೆಂಟಿನ ಸ್ಥಿತಿ ಗೊತ್ತಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇನ್ನೊಂದು ಮಾತು. ಫ್ಯಾನ್ ಗಾಳಿಯಲ್ಲಿ ಉರಿಯುವ ಪೆಲ್ಲೆಟ್ ಬಹಳ ಸ್ವಚ್ಛವಾಗಿ ಉರಿಯುತ್ತದೆ. ಬಿಸಿ ಸಿಗುತ್ತದೆ, ಹೊಗೆ ಕಡಿಮೆ. ಬೂಸ್ಟು ತಡೆಯುವ ಹೊಗೆಗಾಗಿ ಸಿಪ್ಪೆ ಅಥವಾ ಸೌದೆಯ ಕನಲು ಬೇರೆಯಾಗಿ ಬೇಕಾಗುತ್ತದೆ.

ಶೀಟು ನೋಡಿ ಬೆಂಕಿ ತಿಳಿಯುವುದು

ಶೀಟಿನ ದರ್ಜೆಯನ್ನು ಕಣ್ಣಿನಿಂದಲೇ ನೋಡಿ ನಿರ್ಧರಿಸುತ್ತಾರೆ. 1ಎಕ್ಸ್‌ನಿಂದ ಆರಂಭವಾಗಿ 1, 2, 3, 4, 5 ಎಂದು ಇಳಿಯುತ್ತದೆ. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ನಡೆಯುವುದು 4, 5 ಮತ್ತು ದರ್ಜೆ ಮಾಡದ ಲಾಟು. ಶೀಟನ್ನು ಬೆಳಕಿಗೆ ಹಿಡಿದರೆ ನಿಮ್ಮ ಬೆಂಕಿಯ ತಪ್ಪು ನಿಮಗೇ ಕಾಣುತ್ತದೆ:

ಗುಳ್ಳೆ: ಮೊದಲ ದಿನದ ಬಿಸಿ ಹೆಚ್ಚಾಗಿದೆ, ಅಥವಾ 60 ಡಿಗ್ರಿ ದಾಟಿದೆ.
ನಡುವೆ ಬಿಳಿ ಕಲೆ: ಒಣಗಿದ್ದು ಸಾಲದು. ಇನ್ನೊಂದು ದಿನ ಒಳಗಿರಲಿ. ಪದೇ ಪದೇ ಬಂದರೆ ಶೀಟಿನ ದಪ್ಪ ನೋಡಿ.
ತೀರಾ ಕಪ್ಪು ಬಣ್ಣ: ಹೊಗೆ ಅತಿಯಾಗಿದೆ, ಅಥವಾ ಬೇಕಾದ್ದಕ್ಕಿಂತ ಹೆಚ್ಚು ದಿನ ಇಡಲಾಗಿದೆ.
ಡಾಂಬರಿನಂಥ ಚುಕ್ಕೆ: ಹಸಿ ಸೌದೆ, ಅಥವಾ ಮಾಡಿನಿಂದ ಮಸಿನೀರು ಹನಿಯುತ್ತಿದೆ. ಮಾಡಿನ ಮಸಿಯನ್ನು ವರ್ಷಕ್ಕೊಮ್ಮೆ ಗುಡಿಸಬೇಕು.
ಬೂದಿಯ ಹುಡಿ: ಒಲೆಯನ್ನು ಜೋರಾಗಿ ಕೆದಕಲಾಗಿದೆ, ಅಥವಾ ಗಾಳಿ ಹೆಚ್ಚಾಗಿದೆ.
ಅಂಟು: ಬಿಸಿಲು ಅಥವಾ ಬಿಸಿ ಅತಿಯಾಗಿದೆ.
ದಾಸ್ತಾನಿನಲ್ಲಿ ಬೂಸ್ಟು: ಪೂರ್ತಿ ಒಣಗುವ ಮೊದಲೇ ತೆಗೆಯಲಾಗಿದೆ, ಅಥವಾ ಹೊಗೆ ಸಾಲದು.

ಬೆಂಕಿ ಅನಾಹುತ

ರಬ್ಬರ್ ಹೊತ್ತಿಕೊಂಡರೆ ನಂದಿಸುವುದು ಬಹಳ ಕಷ್ಟ. ಹೊಗೆಮನೆಯೊಳಗೇ ಬೆಂಕಿ ಹಾಕುವ ಗುಂಡಿ ಇದ್ದರೆ, ಜಾರಿಬಿದ್ದ ಒಂದು ಶೀಟು ಸಾಕು, ಇಡೀ ಮನೆ ಹೋಗಲು. ಆದ್ದರಿಂದ ಒಲೆ ಹೊರಗಿದ್ದು ಕೊಳವೆಯ ಮೂಲಕ ಹೊಗೆ ಒಳಬರುವ ಮಾದರಿಯೇ ಒಳ್ಳೆಯದು. ಗುಂಡಿಯೇ ಇದ್ದರೆ ಅದರ ಮೇಲೆ ಗಟ್ಟಿ ತಗಡು, ಅದರ ಮೇಲ್ಗಡೆ ತಂತಿ ಜಾಲರಿ ಇರಲೇಬೇಕು. ಒಟ್ಟುಪಾಲನ್ನು ಒಣಗಿಸಲೆಂದು ಬೆಂಕಿಯ ಹತ್ತಿರ ರಾಶಿ ಹಾಕಬೇಡಿ. ಬಾಗಿಲ ಬಳಿ ಮರಳು ತುಂಬಿದ ಎರಡು ಬಕೆಟ್ ಮತ್ತು ನೀರು ಇರಲಿ. ಹಟ್ಟಿ, ಹುಲ್ಲಿನ ಅಟ್ಟ, ಮನೆಯ ಮಾಡು ಇವುಗಳಿಗೆ ತಾಗಿದಂತೆ ಹೊಗೆಮನೆ ಕಟ್ಟುವುದು ಬೇಡ.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಗಾಳಿ ಸಾಲದೆ ಕನಲುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊಮ್ಮುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಶೀಟು ತಿರುಗಿಸಲು ಹೋಗುವ ಮೊದಲು ಬಾಗಿಲು, ಕಿಂಡಿಗಳನ್ನು ತೆರೆದು ಸ್ವಲ್ಪ ಹೊತ್ತು ಬಿಡಬೇಕು. ಒಬ್ಬರೇ ಹೋಗಬಾರದು. ತಲೆನೋವು, ತಲೆಸುತ್ತು ಬಂದರೆ ಕೂಡಲೇ ಹೊರಬರಬೇಕು. ಚಳಿಗೆಂದು ಹೊಗೆಮನೆಯ ಒಳಗಾಗಲಿ, ಬಾಗಿಲ ಬಳಿಯಾಗಲಿ ಕೆಲಸದವರನ್ನು ಮಲಗಿಸುವುದು ಖಂಡಿತ ಬೇಡ.

ಎರಡು ಭಾಷೆಯ ಮಾತುಗಳು

ಪೇಟೆಯಲ್ಲೂ ಕಚೇರಿಯಲ್ಲೂ ಮಲಯಾಳ ಪದಗಳೇ ಹೆಚ್ಚು ಕೇಳುವುದರಿಂದ ಕೆಲವನ್ನು ಇಲ್ಲಿ ಕೊಟ್ಟಿದೆ. ಹೊಗೆಮನೆಗೆ ಪುಕಪ್ಪುರ, ಸೌದೆಗೆ ವಿರಕ್, ಗೆರಟೆಗೆ ಚಿರಟ್ಟ, ತೆಂಗಿನ ಸಿಪ್ಪೆಗೆ ತೊಂಡ್, ಬೂಸ್ಟಿಗೆ ಪೂಪ್ಪಲ್ ಎನ್ನುತ್ತಾರೆ. ಮರದ ಗಾಯದಲ್ಲೂ ಗೆರಟೆಯಲ್ಲೂ ಒಣಗಿ ಉಳಿದ ರಬ್ಬರಿಗೆ ಒಟ್ಟುಪಾಲ್ ಎಂಬ ಮಲಯಾಳ ಹೆಸರೇ ನಮ್ಮ ಕನ್ನಡದಲ್ಲೂ ನಿಂತಿದೆ.

ಕೊನೆಗೆ

ದಿನಕ್ಕೆ ಹತ್ತಿಪ್ಪತ್ತು ಶೀಟು ಮಾತ್ರ ಇರುವವರಿಗೆ ಸ್ವಂತ ಹೊಗೆಮನೆಯಲ್ಲಿ ಬೆಂಕಿ ಕಾಯುವುದು ದುಬಾರಿ. ಅರ್ಧ ತುಂಬಿದ ಹೊಗೆಮನೆಗೂ ಹೆಚ್ಚುಕಡಿಮೆ ಅಷ್ಟೇ ಸೌದೆ ಬೇಕು. ರಬ್ಬರ್ ಮಂಡಳಿಯು 1986ರಿಂದ ಪ್ರೋತ್ಸಾಹಿಸಿದ ರಬ್ಬರ್ ಉತ್ಪಾದಕರ ಸಂಘಗಳಲ್ಲಿ ಕೆಲವು ಸಾಮೂಹಿಕ ಸಂಸ್ಕರಣಾ ಕೇಂದ್ರ ನಡೆಸುತ್ತವೆ. ಹತ್ತಿರದಲ್ಲಿ ಇಂಥದ್ದು ಇದ್ದರೆ ಹಾಲನ್ನೇ ಅಲ್ಲಿಗೆ ಕೊಡುವುದು ಒಂದು ದಾರಿ. ಇಲ್ಲದಿದ್ದರೆ ನೆರೆಯ ಮೂರು ನಾಲ್ಕು ಮನೆಯವರು ಸೇರಿ ಒಂದೇ ಹೊಗೆಮನೆ ಇಟ್ಟುಕೊಂಡು ಬೆಂಕಿ ನೋಡುವ ಸರದಿ ಹಂಚಿಕೊಳ್ಳಬಹುದು. ಆಗ ರಾತ್ರಿ ಒಬ್ಬರಾದರೂ ಎಚ್ಚರದಲ್ಲಿರುತ್ತಾರೆ.

ಸ್ವಂತದ್ದೇ ಇದ್ದರೆ ಮೂರು ವಿಷಯ ಸಾಕು: ಒಣ ಸೌದೆ, ಒಂದು ಥರ್ಮಾಮೀಟರ್, ಸ್ವಲ್ಪ ಸ್ವಲ್ಪವಾಗಿ ಉಣಿಸುವ ತಾಳ್ಮೆ. ಮುಂದಿನ ಟ್ಯಾಪಿಂಗ್ ಋತು ಆರಂಭವಾಗುವ ಮೊದಲು, ಎಲೆ ಉದುರಿ ಟ್ಯಾಪಿಂಗ್ ನಿಲ್ಲುವ ಬೇಸಿಗೆಯ ಬಿಡುವಿನಲ್ಲಿ ಸೌದೆ ಒಡೆದು ಒಟ್ಟುವ, ಮಾಡಿನ ಮಸಿ ಗುಡಿಸುವ, ಒಲೆಯ ಮುಚ್ಚಳ ಮಾಡಿಸುವ ಕೆಲಸ ಮುಗಿಸಿಟ್ಟರೆ ವರ್ಷವಿಡೀ ನೆಮ್ಮದಿ.